ಕೆರೆ ಸೆನ್ಸರ್: ನಸುಕಿನ ರೀಡಿಂಗ್‌ಗೆ ಬ್ಯಾಟರಿ ಉಳಿಸಿ

ಸಂಪಾದಕರಿಗೆ,

ಮಾನ್ಯರೇ,

ದಂಡೆಯ ಮೇಲೆ ಸೋಲಾರ್ ಪ್ಯಾನೆಲ್ ಹೊತ್ತ ಕಬ್ಬಿಣದ ಕಂಬ, ಅದಕ್ಕೆ ಬಿಗಿದ ಬೂದು ಪೆಟ್ಟಿಗೆ, ಪೆಟ್ಟಿಗೆಯಿಂದ ನೀರಿಗಿಳಿದ ಕಪ್ಪು ಕೇಬಲ್. ಕೆರೆಗಳಲ್ಲಿ ಈ ನೋಟ ಈಗ ಅಪರೂಪವಲ್ಲ. ಕರಗಿದ ಆಮ್ಲಜನಕ, ಪಿಎಚ್ (ಆಮ್ಲೀಯತೆಯ ಅಳತೆ), ವಾಹಕತೆ (ನೀರಿನಲ್ಲಿ ವಿದ್ಯುತ್ ಹರಿಯುವ ಗುಣ), ಕಲಕುತನ (ಟರ್ಬಿಡಿಟಿ) ಎಲ್ಲವೂ ಕ್ಷಣಕ್ಷಣಕ್ಕೂ ತಿಳಿಯುತ್ತದೆ ಎಂಬ ಭರವಸೆಯೂ ಜೊತೆಗೇ ಬರುತ್ತದೆ. ಇಂಥ ಸಾಧನಗಳ ಟೆಂಡರ್‌ನಲ್ಲಿ ಯಾವ ಸೆನ್ಸರ್ ಬೇಕು, ಎಷ್ಟು ನಿಖರವಾಗಿರಬೇಕು ಎಂದು ಬರೆಯುತ್ತಾರೆ. ಸೆನ್ಸರ್‌ಗೆ ಕರೆಂಟ್ ಕೊಟ್ಟು ಎಷ್ಟು ಹೊತ್ತಾದ ಮೇಲೆ ರೀಡಿಂಗ್ ತೆಗೆಯಬೇಕು, ಅಷ್ಟು ಹೊತ್ತಿನ ಕರೆಂಟು ಮಳೆಗಾಲದಲ್ಲಿ ಎಲ್ಲಿಂದ ಬರಬೇಕು ಎಂಬ ಸಾಲು ಮಾತ್ರ ಬಹಳ ಸಲ ಇರುವುದಿಲ್ಲ. ಪರದೆಯ ಮೇಲೆ ಕಾಣುವ ಅಂಕಿ ನಂಬಲು ಯೋಗ್ಯವೇ ಎಂಬುದು ನಿಂತಿರುವುದು ಆ ಸಾಲಿನ ಮೇಲೆ.

ಮೊದಲು ಕೆರೆಯ ದಿನಚರಿ. ಹಗಲಿನಲ್ಲಿ ಪಾಚಿ ಬಿಸಿಲುಂಡು ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ, ಜೊತೆಗೆ ಬ್ಯಾಕ್ಟೀರಿಯಾ ಮತ್ತು ತಳದ ಕೆಸರು ಸೇರಿ ಆ ಆಮ್ಲಜನಕವನ್ನು ಬಳಸುತ್ತವೆ. ಹೀಗಾಗಿ ಕರಗಿದ ಆಮ್ಲಜನಕ ತೀರಾ ತಳ ಮುಟ್ಟುವುದು ಸೂರ್ಯೋದಯದ ಆಸುಪಾಸಿನಲ್ಲಿ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿ ರಾಶಿ ಸತ್ತು ತೇಲಿದ್ದು ಅನೇಕರಿಗೆ ನೆನಪಿರಬಹುದು. ಕೊಳಚೆ ಸೇರಿ ಪಾಚಿ ಕಟ್ಟಿದ ಕೆರೆಯಲ್ಲಿ ಮೀನು ಉಸಿರುಗಟ್ಟಿ ಬಾಯಿ ಮೇಲಕ್ಕೆತ್ತುವುದು ಸಾಮಾನ್ಯವಾಗಿ ನಸುಕಿನಲ್ಲೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಂತೆ ಮೀನು ಮತ್ತು ಜಲಚರಗಳಿಗೆ ತಕ್ಕ ‘ಡಿ’ ವರ್ಗದ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು. ಮಧ್ಯಾಹ್ನ 3 ಗಂಟೆಗೆ 9 ತೋರಿಸುವ ಕೆರೆ ನಸುಕಿನ 5.30ಕ್ಕೆ 2ಕ್ಕಿಂತ ಕೆಳಗಿಳಿಯಬಹುದು. ಹಾಗೆ ನೋಡಿದರೆ ಬೆಂಗಳೂರಿನ ಎತ್ತರದಲ್ಲಿ, 25 ಡಿಗ್ರಿ ಉಷ್ಣತೆಯಲ್ಲಿ ಗಾಳಿಯೊಂದಿಗೆ ಸಮತೋಲಕ್ಕೆ ಬಂದ ನೀರು ಹಿಡಿದಿಟ್ಟುಕೊಳ್ಳುವುದೇ ಸುಮಾರು 7.4 ಮಿಲಿಗ್ರಾಂ. ಮಧ್ಯಾಹ್ನದ 9 ಎಂಬುದು ಪಾಚಿ ಹೆಚ್ಚಿರುವುದರ ಗುರುತು. ಅದನ್ನು ಶುದ್ಧತೆಯ ಪ್ರಮಾಣಪತ್ರ ಎಂದುಕೊಳ್ಳುವವರೇ ಹೆಚ್ಚು.

ಈಗ ಬ್ಯಾಟರಿಯ ದಿನಚರಿ. ಪ್ಯಾನೆಲ್‌ನಿಂದ ಚಾರ್ಜ್ ನಿಲ್ಲುವುದು ಸಂಜೆ ಐದೂವರೆಯ ಹೊತ್ತಿಗೆ. ಅಲ್ಲಿಂದ ಹನ್ನೆರಡು ತಾಸು ಬರೀ ಖರ್ಚು. ವೋಲ್ಟೇಜ್ ಅತಿ ಕೆಳಗಿರುವುದು ಬೆಳಗಿನ ಜಾವ. ಅಂದರೆ ಕೆರೆಯ ಆಮ್ಲಜನಕ ತಳ ಮುಟ್ಟುವ ಗಳಿಗೆಯಲ್ಲೇ ಪೆಟ್ಟಿಗೆಯ ಶಕ್ತಿಯೂ ತಳ ಮುಟ್ಟಿರುತ್ತದೆ. ಕರೆಂಟ್ ಉಳಿಸಲೆಂದು ಸೆನ್ಸರನ್ನು ಎರಡು ಸೆಕೆಂಡ್ ಎಬ್ಬಿಸಿ ರೀಡಿಂಗ್ ತೆಗೆದು ಮಲಗಿಸುವ ವ್ಯವಸ್ಥೆ ಸುಳ್ಳು ಹೇಳುವುದು ಹೆಚ್ಚಾಗಿ ಈ ಹೊತ್ತಿನಲ್ಲಿ. ದಿನವಿಡೀ ಸೆನ್ಸರ್ ಉರಿಸುವ ವ್ಯವಸ್ಥೆ ಪೂರ್ತಿ ಸಾಯುವುದೂ ಈ ಹೊತ್ತಿನಲ್ಲೇ.

ಎಲ್ಲ ಸೆನ್ಸರ್‌ಗೂ ಹದಕ್ಕೆ ಬರಲು, ಅಂದರೆ ಕರೆಂಟ್ ಬಂದ ಮೇಲೆ ಸರಿಯಾದ ಅಂಕಿ ತೋರಿಸಲು, ಒಂದೇ ಸಮಯ ಸಾಲದು. ಕರಗಿದ ಆಮ್ಲಜನಕ ಅಳೆಯುವ ಸೆನ್ಸರ್‌ಗಳಲ್ಲೇ ಮೂರು ಜಾತಿ. ಗ್ಯಾಲ್ವನಿಕ್ ಮಾದರಿ ತನ್ನ ಎರಡು ಲೋಹಗಳಿಂದ ತಾನೇ ವೋಲ್ಟೇಜ್ ಹುಟ್ಟಿಸಿಕೊಳ್ಳುತ್ತದೆ. ಅದಕ್ಕೆ ಕಾಯಬೇಕಾದ್ದು ಬರೀ ಆಂಪ್ಲಿಫೈಯರ್ (ಸಣ್ಣ ಸಂಕೇತವನ್ನು ಹಿಗ್ಗಿಸುವ ಸರ್ಕ್ಯೂಟ್) ನೆಲೆಗೆ ಬರುವ ಕೆಲವು ಸೆಕೆಂಡ್. ಪೋಲರೋಗ್ರಾಫಿಕ್ ಮಾದರಿಗೆ ಹೊರಗಿನಿಂದ 0.6ರಿಂದ 0.8 ವೋಲ್ಟ್ ಕೊಡುತ್ತಿರಬೇಕು. ಆ ವೋಲ್ಟೇಜ್ ತಪ್ಪಿಸಿ ಮತ್ತೆ ಕೊಟ್ಟರೆ ಪೊರೆಯ ಒಳಗಿನ ದ್ರಾವಣದಲ್ಲಿ ಸೇರಿಕೊಂಡ ಆಮ್ಲಜನಕ ಮೊದಲು ಖರ್ಚಾಗಬೇಕು. ಇದಕ್ಕೆ ಸಾಮಾನ್ಯವಾಗಿ 10–15 ನಿಮಿಷ, ಬಹಳ ಹೊತ್ತು ಆರಿಸಿಟ್ಟಿದ್ದರೆ ಇನ್ನೂ ಹೆಚ್ಚು ಬೇಕು. ಅಪಾಯ ಇರುವುದು ಇಲ್ಲಿ: ಹದಕ್ಕೆ ಬರುವ ಮೊದಲು ಈ ಸೆನ್ಸರ್ ತೋರಿಸುವುದು ನಿಜಕ್ಕಿಂತ ಹೆಚ್ಚಿನ ಅಂಕಿ. ಮೀನು ಸಾಯುತ್ತಿರುವ ಕೆರೆ ಪರದೆಯ ಮೇಲೆ ಆರೋಗ್ಯವಾಗಿ ಕಾಣುತ್ತದೆ. ಪರಿಹಾರ ಕಷ್ಟದ್ದಲ್ಲ. ಹೀಗೆ ಹೊರಗಿನಿಂದ ವೋಲ್ಟೇಜ್ ಕೊಡುತ್ತಿರುವ ಧ್ರುವೀಕರಣಕ್ಕೆ ಬೇಕಾದ ಕರೆಂಟ್ ಮೈಕ್ರೋಆಂಪಿಯರ್ ಲೆಕ್ಕದ್ದು. ಆ ಒಂದು ಭಾಗವನ್ನು ಸದಾ ಚಾಲೂ ಇಟ್ಟು, ಉಳಿದ ಸರ್ಕ್ಯೂಟನ್ನು ಮಾತ್ರ ಮಲಗಿಸಬೇಕು. ಈ ಎರಡೂ ಮಾದರಿ ಅಳೆಯುವಾಗ ಆಮ್ಲಜನಕವನ್ನು ತಿನ್ನುವುದರಿಂದ, ನಿಂತ ನೀರಿನಲ್ಲಿ ಪೊರೆಯ ಎದುರಿನ ಪದರ ಬರಿದಾಗಿ ರೀಡಿಂಗ್ ತಾನಾಗಿ ಇಳಿಯುತ್ತದೆ ಎಂಬುದೂ ನೆನಪಿರಲಿ.

ಮೂರನೆಯದು ಆಪ್ಟಿಕಲ್. ನೀಲಿ ಬೆಳಕು ಬಿಟ್ಟು, ಬಣ್ಣದ ಪದರದಿಂದ ಬರುವ ಕೆಂಪು ಹೊಳಪು ಎಷ್ಟು ಬೇಗ ಆರುತ್ತದೆ ಎಂಬುದನ್ನು ಇದು ಅಳೆಯುತ್ತದೆ. ಆಮ್ಲಜನಕವನ್ನು ತಿನ್ನುವುದಿಲ್ಲ, ಧ್ರುವೀಕರಣವೂ ಬೇಡ. ಕೆರೆಗೆ ನಮ್ಮ ಮಟ್ಟಿಗೆ ಇದೇ ಸರಿಯಾದ ಆಯ್ಕೆ, ಬೆಲೆ ಹೆಚ್ಚಾದರೂ. ಪ್ರತಿ ಮಿಂಚಿಗೂ ಬಣ್ಣದ ಪದರ ಅಷ್ಟಷ್ಟೇ ಸವೆಯುವುದರಿಂದ, ಬಿಟ್ಟು ಬಿಟ್ಟು ಅಳೆದರೆ ಆ ಪದರವಿರುವ ಕ್ಯಾಪ್ ಹೆಚ್ಚು ಕಾಲ ಬಾಳುತ್ತದೆ. ಆದರೆ ಇದಕ್ಕೂ ಎರಡು ಸೆಕೆಂಡ್ ಸಾಲದು. ಒಳಗಿನ ಪ್ರೊಸೆಸರ್ ಎದ್ದು, ಹಲವು ಮಿಂಚುಗಳ ಸರಾಸರಿ ತೆಗೆದು, ಉಷ್ಣತೆಯ ತಿದ್ದುಪಡಿ ಸೇರಿಸುವಷ್ಟರಲ್ಲಿ ಅರ್ಧ ನಿಮಿಷದಿಂದ ಒಂದೆರಡು ನಿಮಿಷ ಹಿಡಿಯುತ್ತದೆ.

ಉಷ್ಣತೆ ಎಂದಾಗ ಒಂದು ಸಣ್ಣ ವಿಷಯ. ಅಗ್ಗದ ಸಾಧನಗಳಲ್ಲೆಲ್ಲ ಸಿಗುವ ಡಿಎಸ್18ಬಿ20 ಎಂಬ ಉಷ್ಣತಾ ಸೆನ್ಸರ್‌ಗೆ 12 ಬಿಟ್ ಅಳತೆ ಮುಗಿಸಲು 750 ಮಿಲಿಸೆಕೆಂಡ್ ಬೇಕು. ಕರೆಂಟ್ ಬಂದಾಗ ಅದರ ನೆನಪಿನಲ್ಲಿ ಇರುವ ಅಂಕಿ 85 ಡಿಗ್ರಿ. ಅಳತೆ ಮುಗಿಯುವ ಮೊದಲೇ ಓದಿದರೆ ಸಿಗುವುದು ಅದೇ 85.0. ಕೆರೆ ನೀರು 85 ಡಿಗ್ರಿ ಎಂದರೆ ಯಾರಾದರೂ ನಕ್ಕು ತಳ್ಳಿಹಾಕುತ್ತಾರೆ, ಸರಿ. ಆದರೆ ಆ 85ನ್ನು ಹಿಡಿದು ತಿದ್ದಿದ ವಾಹಕತೆ ಮತ್ತು ಆಮ್ಲಜನಕದ ಅಂಕಿಗಳು ನಗುವಂತಿರುವುದಿಲ್ಲ. ಸಭ್ಯವಾಗಿಯೇ ಕಾಣುತ್ತವೆ, ತಪ್ಪಾಗಿಯೇ ಇರುತ್ತವೆ. ವಾಹಕತೆ ಒಂದು ಡಿಗ್ರಿಗೆ ಸುಮಾರು ಶೇ 2ರಷ್ಟು ಬದಲಾಗುವ ಗುಣ. ಆದ್ದರಿಂದ ಉಷ್ಣತೆಯನ್ನು ಮೊದಲು ಓದಿ, 85.0 ಬಂದರೆ ಆ ಸರದಿಯ ಎಲ್ಲ ರೀಡಿಂಗ್‌ಗಳನ್ನೂ ಎಸೆದು ಮತ್ತೆ ಓದುವಂತೆ ಪ್ರೋಗ್ರಾಂ ಬರೆಯಬೇಕು.

ಪಿಎಚ್‌ನ ಗಾಜಿನ ಎಲೆಕ್ಟ್ರೋಡ್‌ಗೆ ಕರೆಂಟೇ ಬೇಡ. ಒಂದು ಪಿಎಚ್‌ಗೆ 25 ಡಿಗ್ರಿಯಲ್ಲಿ 59.16 ಮಿಲಿವೋಲ್ಟ್ ತಾನೇ ಕೊಡುತ್ತದೆ. ಕರೆಂಟ್ ಬೇಕಾದದ್ದು ಆಂಪ್ಲಿಫೈಯರ್‌ಗೆ. ಗಾಜಿನ ಪ್ರತಿರೋಧ ನೂರಾರು ಮೆಗಾಓಮ್ ಇರುವುದರಿಂದ, ಕರೆಂಟ್ ತೆಗೆದ ಆಂಪ್ಲಿಫೈಯರ್ ಮೂಲಕ ಎಲೆಕ್ಟ್ರೋಡ್‌ನಿಂದ ಅಷ್ಟಿಷ್ಟು ಕರೆಂಟ್ ಸೋರಿದರೂ ಮತ್ತೆ ನೆಲೆಗೊಳ್ಳಲು ನಿಮಿಷಗಳು ಹಿಡಿಯುತ್ತವೆ. ಮೈಕ್ರೋಆಂಪಿಯರ್‌ಗಳಲ್ಲಿ ನಡೆಯುವ ಆಂಪ್ಲಿಫೈಯರ್ ಆರಿಸಿಕೊಂಡು ಅದನ್ನು ಸದಾ ಚಾಲೂ ಇಡುವುದೇ ಅಗ್ಗ. ವಾಹಕತೆಯ ಪ್ರೋಬ್ ಇದಕ್ಕೆ ವಿರುದ್ಧ: ಅದು ನೀರಿನೊಳಕ್ಕೇ ಎಸಿ ಕರೆಂಟ್ ಹರಿಸುತ್ತದೆ, ಪಕ್ಕದ ಪಿಎಚ್ ರೀಡಿಂಗನ್ನು ಕೆಡಿಸುತ್ತದೆ. ಎರಡನ್ನೂ ಒಟ್ಟಿಗೆ ಓದಬಾರದು. ವಾಹಕತೆ ಓದಿ, ಅದರ ಕರೆಂಟ್ ಪೂರ್ತಿ ತೆಗೆದು, ಹತ್ತು ಸೆಕೆಂಡ್ ಬಿಟ್ಟು ಪಿಎಚ್ ಓದಬೇಕು. ಕಲಕುತನದ ಸೆನ್ಸರ್‌ಗೆ ಒರೆಸುವ ವೈಪರ್ ಇದ್ದರೆ, ಅನೇಕ ಮಾದರಿಗಳಲ್ಲಿ ಕರೆಂಟ್ ಬಂದ ಕೂಡಲೇ ವೈಪರ್ ಒಂದು ಸುತ್ತು ಹಾಕುತ್ತದೆ. ಆಗ ಓದಿದರೆ ಸಿಗುವುದು ವೈಪರ್‌ನ ಮತ್ತು ಅದು ಎಬ್ಬಿಸಿದ ಗುಳ್ಳೆಗಳ ಕಲಕುತನ.

ಶಕ್ತಿಯ ಲೆಕ್ಕ ಹೀಗಿದೆ. ನಾಲ್ಕು ಸೆನ್ಸರ್ ಸೇರಿ 12 ವೋಲ್ಟ್‌ನಲ್ಲಿ 120 ಮಿಲಿಆಂಪಿಯರ್ ಎಳೆಯುತ್ತವೆ ಎಂದಿಟ್ಟುಕೊಳ್ಳಿ. ದಿನವಿಡೀ ಉರಿಸಿದರೆ 2.88 ಆಂಪಿಯರ್-ಅವರ್ (ಒಂದು ಆಂಪಿಯರ್ ಒಂದು ತಾಸು ಹರಿದರೆ ಒಂದು ಆಂಪಿಯರ್-ಅವರ್). ರೀಡಿಂಗ್ ದಾಖಲಿಸುವ ಲಾಗರ್ ಬೋರ್ಡ್ ಮಲಗಿರುವಾಗ 2 ಮಿಲಿಆಂಪಿಯರ್‌ನಂತೆ 0.05, ಅದನ್ನು ಕಳಿಸಲು ತಾಸಿಗೊಮ್ಮೆ ಒಂದು ನಿಮಿಷ ಏಳುವ ಮೊಡೆಮ್ ಸರಾಸರಿ 150 ಮಿಲಿಆಂಪಿಯರ್‌ನಂತೆ 0.06. ಒಟ್ಟು ಹತ್ತಿರಹತ್ತಿರ 3. ಸಾಮಾನ್ಯವಾಗಿ ಹಾಕುವ 12 ವೋಲ್ಟ್ 7 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಆಯುಸ್ಸು ಕೆಡದಂತೆ ಬಳಸಬಹುದಾದ್ದು ಅರ್ಧ, ಅಂದರೆ 3.5. ಬಿಸಿಲಿಲ್ಲದಿದ್ದರೆ ಒಂದು ದಿನದ ಮೇಲೆ ನಾಲ್ಕೈದು ತಾಸು, ಅಷ್ಟೇ. 20 ವಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಐದೂವರೆ ಆಂಪಿಯರ್-ಅವರ್ ಕೊಡುತ್ತದೆ. ಜುಲೈನ ದಟ್ಟ ಮೋಡದಲ್ಲಿ ಅದರ ಐದನೇ ಒಂದು ಭಾಗ ಸಿಕ್ಕರೆ ಪುಣ್ಯ.

ಅದೇ ಸೆನ್ಸರ್‌ಗಳನ್ನು 15 ನಿಮಿಷಕ್ಕೊಮ್ಮೆ ಎರಡು ನಿಮಿಷ ಎಬ್ಬಿಸಿದರೆ ದಿನಕ್ಕೆ 96 ಸಲ, 3.2 ತಾಸು, 0.38 ಆಂಪಿಯರ್-ಅವರ್. ಆದರೆ ದಿನವನ್ನು ಹೀಗೆ ಸಮನಾಗಿ ಹಂಚುವುದು ಲೆಕ್ಕಿಗರ ನ್ಯಾಯ, ಕೆರೆಗೆ ಅದು ಸಲ್ಲದು. ಬೆಳಗಿನ 4ರಿಂದ 7ರವರೆಗೆ 10 ನಿಮಿಷಕ್ಕೊಮ್ಮೆ, ಉಳಿದ 21 ತಾಸು ಅರ್ಧ ತಾಸಿಗೊಮ್ಮೆ ಇಟ್ಟು, ಪ್ರತಿ ಸಲವೂ ಪೂರ್ತಿ ಮೂರು ನಿಮಿಷ ಕೊಡಿ. 18 ಮತ್ತು 42, ಒಟ್ಟು 60 ಸಲ, ಮೂರು ತಾಸು, 0.36 ಆಂಪಿಯರ್-ಅವರ್. ಖರ್ಚು ಮೊದಲಿಗಿಂತ ಕಡಿಮೆ, ಹದಕ್ಕೆ ಬರಲು ಸಮಯ ಒಂದೂವರೆ ಪಟ್ಟು, ಬೇಕಾದ ಹೊತ್ತಿನಲ್ಲಿ ರೀಡಿಂಗ್ ಹೆಚ್ಚು. ಲಾಗರ್ ಮತ್ತು ಮೊಡೆಮ್ ಸೇರಿಸಿದರೂ ಅದೇ ಬ್ಯಾಟರಿ ಬಿಸಿಲೇ ಇಲ್ಲದೆ ಏಳು ದಿನ ದಾಟುತ್ತದೆ. ಮೊಡೆಮನ್ನು ಸೆನ್ಸರ್ ಚಾಲೂ ಇರುವಾಗ ಎಬ್ಬಿಸಬೇಡಿ. 2ಜಿ ಮೊಡೆಮ್ ಸಂದೇಶ ಕಳಿಸುವಾಗ ಕ್ಷಣಮಾತ್ರ 2 ಆಂಪಿಯರ್‌ವರೆಗೆ ಎಳೆದು ವೋಲ್ಟೇಜನ್ನು ಕುಕ್ಕುತ್ತದೆ. ರಾತ್ರಿಯ ರೀಡಿಂಗ್‌ಗಳನ್ನು ಮೆಮೊರಿಯಲ್ಲಿಟ್ಟು ಬಿಸಿಲು ಬಂದ ಮೇಲೆ ಕಳಿಸಲಿ, ಆಮ್ಲಜನಕ 4ಕ್ಕಿಂತ ಇಳಿದರೆ ಮಾತ್ರ ಆಗಲೇ ಎಚ್ಚರಿಕೆ ಹೋಗಲಿ.

ಈ ಲೆಕ್ಕವನ್ನು ಕದಿಯುವ ಕಳ್ಳರು ಪೆಟ್ಟಿಗೆಯೊಳಗೇ ಇರುತ್ತಾರೆ. ಲಾಗರ್‌ಗಳಲ್ಲಿ ಬಳಸುವ ಇಎಸ್‌ಪಿ32 ಚಿಪ್ ಗಾಢ ನಿದ್ದೆಯಲ್ಲಿ 10 ಮೈಕ್ರೋಆಂಪಿಯರ್ ಎನ್ನುತ್ತದೆ ಮಾಹಿತಿ ಪತ್ರ. ಅದನ್ನು ಹೊತ್ತ ಕಲಿಕೆಯ ಬೋರ್ಡ್ ಮಾತ್ರ ಕೆಂಪು ದೀಪ, ಯುಎಸ್‌ಬಿ ಚಿಪ್, ಅಗ್ಗದ ರೆಗ್ಯುಲೇಟರ್ ಸೇರಿ ಹತ್ತು ಮಿಲಿಆಂಪಿಯರ್‌ವರೆಗೆ ಎಳೆಯಬಲ್ಲದು, ದಿನಕ್ಕೆ 0.24 ಆಂಪಿಯರ್-ಅವರ್, ಮೇಲಿನ ಲೆಕ್ಕದ ಅರ್ಧ. ಸೆನ್ಸರ್‌ಗೆ ಕರೆಂಟ್ ಕೊಡಲು ಬಳಸುವ ನೀಲಿ ರಿಲೇಯ ಸುರುಳಿಯೊಂದೇ 5 ವೋಲ್ಟ್‌ನಲ್ಲಿ 70 ಮಿಲಿಆಂಪಿಯರ್ ತಿನ್ನುತ್ತದೆ. ಬದಲಿಗೆ ಪಿ-ಚಾನೆಲ್ ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್‌ನಿಂದ ಪಾಸಿಟಿವ್ ತಂತಿಯನ್ನು ಕಡಿಯಬೇಕು.

ನೆಗೆಟಿವ್ ತಂತಿಯನ್ನು ಕಡಿಯುವ ತಪ್ಪು ಬಹಳ ಕಡೆ ಇದೆ, ಕೆಲವೊಮ್ಮೆ ಗೊತ್ತಿಲ್ಲದೆಯೇ: ಅಗ್ಗದ ಸೋಲಾರ್ ಚಾರ್ಜ್ ಕಂಟ್ರೋಲರ್‌ಗಳಲ್ಲಿ ‘ಲೋಡ್’ ಎಂಬ ಜಾಗ ಹೆಚ್ಚಾಗಿ ನೆಗೆಟಿವ್ ಕಡೆಯನ್ನೇ ಕಡಿಯುತ್ತದೆ. ಆಗ ಕರೆಂಟ್ ಡೇಟಾ ತಂತಿಯ ಮೂಲಕವೋ ಕೇಬಲ್‌ನ ಹೊದಿಕೆ, ನೀರು ಹಾದೋ ಹಿಂದಿರುಗುವ ದಾರಿ ಹುಡುಕುತ್ತದೆ. ಪಾಸಿಟಿವ್ ಕಡಿದರೂ ಇನ್ನೊಂದು ಕಳ್ಳದಾರಿ ಉಳಿಯುತ್ತದೆ. ಲಾಗರ್‌ನ ಡೇಟಾ ಪಿನ್ ಮೇಲ್ಮಟ್ಟದಲ್ಲೇ (ವೋಲ್ಟೇಜ್ ಇರುವ ಸ್ಥಿತಿಯಲ್ಲೇ) ನಿಂತಿದ್ದರೆ ಆ ಪಿನ್‌ನಿಂದಲೇ ಸೆನ್ಸರ್ ಅರೆಜೀವವಾಗಿ ಉಳಿಯುತ್ತದೆ; ಪೂರ್ತಿ ಆರದ್ದರಿಂದ ಮುಂದಿನ ಸಲ ಸರಿಯಾಗಿ ಏಳುವುದೂ ಇಲ್ಲ. ಸೆನ್ಸರ್ ಮತ್ತು ಲಾಗರ್ ನಡುವೆ ಡೇಟಾ ಸಾಗಿಸುವ ಆರ್‌ಎಸ್-485 ಚಿಪ್‌ನ ಕರೆಂಟನ್ನೂ ಸೆನ್ಸರ್ ಜೊತೆಗೇ ತೆಗೆಯಿರಿ, ಡೇಟಾ ಪಿನ್‌ಗಳನ್ನು ಕೆಳಮಟ್ಟಕ್ಕೆ ತನ್ನಿ, ಸೆನ್ಸರ್‌ನ ಪಾಸಿಟಿವ್–ನೆಗೆಟಿವ್ ನಡುವೆ 10 ಕಿಲೋಓಮ್ ರೆಸಿಸ್ಟರ್ ಹಾಕಿ ಉಳಿದ ಚಾರ್ಜ್ ಇಳಿಯಲು ಬಿಡಿ. ಮಾಸ್‌ಫೆಟ್‌ನ ಬ್ಯಾಟರಿ ಕಡೆ ಹಾಕಿದರೆ ಆ ರೆಸಿಸ್ಟರ್ ಹಗಲೂ ರಾತ್ರಿ ಬ್ಯಾಟರಿ ಕುಡಿಯುತ್ತದೆ, ಅದು ಸೆನ್ಸರ್ ಕಡೆಯೇ ಇರಬೇಕು.

ಕೇಬಲ್‌ನ ದಪ್ಪವನ್ನೂ ನೋಡಬೇಕು. 0.25 ಚದರ ಮಿಲಿಮೀಟರ್‌ನ ತಾಮ್ರದ ತಂತಿ 20 ಮೀಟರ್ ಹೋಗಿ ಬರುವಾಗ ಪ್ರತಿರೋಧ 2.75 ಓಮ್. ಸೆನ್ಸರ್‌ಗಳು ಏಳುವಾಗ ಒಮ್ಮೆಗೇ ಅರ್ಧ ಆಂಪಿಯರ್ ಎಳೆದರೆ 1.4 ವೋಲ್ಟ್ ತಂತಿಯಲ್ಲೇ ಹೋಯಿತು. ನಸುಕಿನಲ್ಲಿ 11.8ಕ್ಕೆ ಇಳಿದ ಬ್ಯಾಟರಿಯಿಂದ ಸೆನ್ಸರ್‌ಗೆ ತಲುಪುವುದು 10.4. ಕನಿಷ್ಠ 11 ವೋಲ್ಟ್ ಬೇಡುವ ಸೆನ್ಸರ್ ಎದ್ದು, ಬಿದ್ದು, ಮತ್ತೆ ಎದ್ದು ಅಲ್ಲೇ ಸುತ್ತುತ್ತಿರುತ್ತದೆ. ಮಧ್ಯಾಹ್ನ ಪರೀಕ್ಷೆಗೆ ಬಂದ ಎಂಜಿನಿಯರ್ ಎದುರು ಎಲ್ಲ ಸರಿಯಾಗಿಯೇ ನಡೆಯುತ್ತದೆ, ಆಗ ಬ್ಯಾಟರಿ 13.5 ಇರುತ್ತದಲ್ಲ! ಸೆನ್ಸರ್‌ಗಳನ್ನು ಅರ್ಧರ್ಧ ಸೆಕೆಂಡ್ ಅಂತರದಲ್ಲಿ ಒಂದೊಂದಾಗಿ ಎಬ್ಬಿಸಿ, ತಂತಿಯನ್ನು 1 ಚದರ ಮಿಲಿಮೀಟರ್‌ಗೆ ಏರಿಸಿದರೆ ಈ ತೊಂದರೆ ಮಾಯ.

ಹದಕ್ಕೆ ಬರುವ ಸಮಯವನ್ನು ಮಾಹಿತಿ ಪತ್ರದಿಂದ ಎತ್ತಿ ಬರೆಯುವುದು ಸಾಲದು. ಅಲ್ಲಿರುವ ‘ಟಿ90’ ಎಂಬುದು ಚಾಲೂ ಇರುವ ಸೆನ್ಸರನ್ನು ಒಂದು ನೀರಿನಿಂದ ಇನ್ನೊಂದಕ್ಕೆ ಇಟ್ಟಾಗ ಬದಲಾವಣೆಯ ಶೇ 90ರಷ್ಟನ್ನು ತೋರಿಸಲು ಹಿಡಿಯುವ ಸಮಯ. ಆರಿಸಿ ಹೊತ್ತಿಸಿದಾಗಿನದು ಬೇರೆ. ಎಸ್‌ಡಿಐ-12 ಎಂಬ ಸಂವಹನ ಪದ್ಧತಿಯ ಸೆನ್ಸರ್‌ಗಳು ‘ಅಳತೆ ಶುರುಮಾಡು’ ಎಂದಾಗ ಎಷ್ಟು ಸೆಕೆಂಡ್ ಬೇಕು, ಎಷ್ಟು ಅಂಕಿ ಕೊಡುತ್ತೇನೆ ಎಂದು ತಾವೇ ಹೇಳುತ್ತವೆ: 00303 ಎಂಬ ಉತ್ತರಕ್ಕೆ 0 ವಿಳಾಸದ ಸೆನ್ಸರ್, 30 ಸೆಕೆಂಡ್, 3 ಅಂಕಿ ಎಂದರ್ಥ. ಅದೂ ಅಳತೆಯ ಸಮಯವಷ್ಟೇ, ಏಳುವ ಸಮಯ ಸೇರಿರಲಿಕ್ಕಿಲ್ಲ. ಮಾಡ್‌ಬಸ್ ಎಂಬ ಇನ್ನೊಂದು ಪದ್ಧತಿಯ ಸೆನ್ಸರ್ ಅಷ್ಟನ್ನೂ ಹೇಳುವುದಿಲ್ಲ. ಮೊದಲ ಅಳತೆ ಮುಗಿಯುವ ಮುನ್ನ ಕೇಳಿದರೆ ಸೊನ್ನೆಯನ್ನೋ ಹಳೆಯ ಅಂಕಿಯನ್ನೋ ಕೊಟ್ಟು ಸುಮ್ಮನಾಗುತ್ತದೆ. ‘ಆಮ್ಲಜನಕ 0.00’ ಎಂಬ ಸುಳ್ಳು ಎಚ್ಚರಿಕೆ ನಾಲ್ಕು ಸಲ ಬಂದರೆ ಐದನೆಯದನ್ನು ಯಾರೂ ನೋಡುವುದಿಲ್ಲ.

ಆದ್ದರಿಂದ ಅಳತೆ ಮಾಡಿಯೇ ತಿಳಿಯಬೇಕು. ಬಕೆಟ್ ನೀರಿಗೆ ಅಕ್ವೇರಿಯಂ ಪಂಪಿನಿಂದ ಅರ್ಧ ತಾಸು ಗಾಳಿ ಊದಿ, ಸೆನ್ಸರ್ ಮುಳುಗಿಸಿ. ಗುಳ್ಳೆ ನೇರ ತಾಗದಿರಲಿ. ಕೆರೆಯಲ್ಲಿ ಎಷ್ಟು ಹೊತ್ತು ಮಲಗುತ್ತದೋ ಅಷ್ಟೇ ಹೊತ್ತು ಕರೆಂಟ್ ತೆಗೆದಿಡಿ. ಮತ್ತೆ ಕೊಟ್ಟು ಸೆಕೆಂಡಿಗೊಂದರಂತೆ ಹತ್ತು ನಿಮಿಷ ದಾಖಲಿಸಿ. ಕೊನೆಯ ಅಂಕಿಯ ಆಚೀಚೆ 0.1 ಮಿಲಿಗ್ರಾಂ ಒಳಗೆ ಬಂದು, ಮತ್ತೆ ಹೊರಗೆ ಹೋಗದ ಗಳಿಗೆಯೇ ನಿಮ್ಮ ಸಮಯ. ಇದನ್ನು 13.5 ವೋಲ್ಟ್‌ನಲ್ಲೂ 11.5 ವೋಲ್ಟ್‌ನಲ್ಲೂ ಮೂರು ಮೂರು ಸಲ ಮಾಡಿ, ಬಂದದ್ದರಲ್ಲಿ ದೊಡ್ಡದರ ಎರಡು ಪಟ್ಟು ಇಟ್ಟುಕೊಳ್ಳಿ. ಸೊನ್ನೆಯ ಕಡೆ ಪರೀಕ್ಷಿಸಲು ಸೋಡಿಯಂ ಸಲ್ಫೈಟ್ ಕರಗಿಸಿದ ನೀರು ಸಾಕು. ಪರೀಕ್ಷೆ ಮುಗಿದ ಮೇಲೆ ಸೆನ್ಸರನ್ನು ಚೆನ್ನಾಗಿ ತೊಳೆಯಲು ಮರೆಯಬಾರದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವುದಾದರೆ ಗಡಿಯಾರವನ್ನೇ ಪೂರ್ತಿ ನಂಬಬೇಡಿ. ಎರಡೆರಡು ಸೆಕೆಂಡಿಗೆ ಓದುತ್ತಾ ಹೋಗಿ, ಕೊನೆಯ ಹತ್ತು ರೀಡಿಂಗ್‌ಗಳಲ್ಲಿ ದೊಡ್ಡದಕ್ಕೂ ಸಣ್ಣದಕ್ಕೂ ವ್ಯತ್ಯಾಸ 0.1ಕ್ಕಿಂತ ಕಡಿಮೆಯಾದಾಗ ಸರಾಸರಿ ತೆಗೆದು ಸೆನ್ಸರ್ ಮಲಗಿಸಿ. ನಿಧಾನವಾಗಿ ಜಾರುವ ಸೆನ್ಸರ್ ಈ ಪರೀಕ್ಷೆಯನ್ನು ಮೋಸದಿಂದ ದಾಟಬಹುದು, ಹಾಗಾಗಿ ಕನಿಷ್ಠ ಒಂದು ನಿಮಿಷ ಕಡ್ಡಾಯ. ಐದು ನಿಮಿಷವಾದರೂ ನೆಲೆಗೊಳ್ಳದಿದ್ದರೆ ‘ನೆಲೆಗೊಂಡಿಲ್ಲ’ ಎಂಬ ಗುರುತು ಹಚ್ಚಿ ಅಂಕಿ ಕಳಿಸಿ. ಎಷ್ಟು ಸೆಕೆಂಡ್ ಹಿಡಿಯಿತು ಎಂಬುದನ್ನೂ ಪ್ರತಿ ಸಲ ದಾಖಲಿಸಿ. ಸೆನ್ಸರ್ ಮೇಲೆ ಲೋಳೆ ಕಟ್ಟುತ್ತಾ ಹೋದಂತೆ ಈ ಸಮಯ ವಾರದಿಂದ ವಾರಕ್ಕೆ 50, 70, 110 ಎಂದು ಬೆಳೆಯುತ್ತದೆ. ಯಾವಾಗ ದೋಣಿ ಹಾಕಿಕೊಂಡು ಹೋಗಿ ಒರೆಸಬೇಕು ಎಂಬುದು ಖರ್ಚಿಲ್ಲದೆ ಕಚೇರಿಯಲ್ಲೇ ತಿಳಿಯುತ್ತದೆ.

ಹಳ್ಳಿಗಳ ಕುಡಿಯುವ ನೀರಿನ ಟ್ಯಾಂಕ್‌ಗಳಿಗೂ ಕ್ಲೋರಿನ್ ಸೆನ್ಸರ್ ಬರುತ್ತಿರುವುದರಿಂದ ಒಂದು ಎಚ್ಚರಿಕೆ. ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು ಎನ್ನುತ್ತದೆ ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500. ಪೊರೆಯ ಆಂಪೆರೊಮೆಟ್ರಿಕ್ ಕ್ಲೋರಿನ್ ಸೆನ್ಸರ್ ಹದಕ್ಕೆ ಬರಲು ಗಂಟೆಗಳೇ ಬೇಕು, ಹರಿವೂ ಬೇಕು. ಮೇಲೆ ಹೇಳಿದ ಎಬ್ಬಿಸು–ಮಲಗಿಸು ಉಪಾಯ ಇಲ್ಲಿ ಕೂಡದು. ಪಂಪಿನ ತ್ರೀಫೇಸ್ ಲೈನಿಗೆ ಸೆನ್ಸರ್ ಜೋಡಿಸಿದರೆ ಕರೆಂಟ್ ಬಂದಾಗ ಪಂಪು ಮತ್ತು ಸೆನ್ಸರ್ ಒಟ್ಟಿಗೇ ಏಳುತ್ತವೆ. ಸೆನ್ಸರ್ ಹದಕ್ಕೆ ಬರುವಷ್ಟರಲ್ಲಿ ಊರಿಗೆ ನೀರು ಬಿಟ್ಟು ಮುಗಿದಿರುತ್ತದೆ. ಸಿಂಗಲ್ ಫೇಸ್‌ಗೆ ಜೋಡಿಸಿ, ಕರೆಂಟ್ ಹೋದರೂ ನಡೆಯುವಂತೆ ಬ್ಯಾಟರಿ ಇಡಬೇಕು.

ಸ್ಥಳೀಯ ಸಂಸ್ಥೆಗಳಿಗೆ ನಮ್ಮ ಕೋರಿಕೆ ಇಷ್ಟು. ಟೆಂಡರ್‌ನಲ್ಲಿ ‘ಚಾರ್ಜಿಂಗ್ ಇಲ್ಲದೆ ಏಳು ದಿನ, ಬೆಳಗಿನ 4ರಿಂದ 7ರವರೆಗೆ 10 ನಿಮಿಷಕ್ಕೊಮ್ಮೆ ನೆಲೆಗೊಂಡ ರೀಡಿಂಗ್’ ಎಂಬ ಷರತ್ತು ಸೇರಿಸಿ. ಸಾಧನವನ್ನು ಒಪ್ಪಿಕೊಳ್ಳುವ ಮುನ್ನ ಪ್ಯಾನೆಲ್‌ನ ತಂತಿ ಬಿಚ್ಚಿ ಏಳು ದಿನ ಓಡಿಸಿ ನೋಡಿ. ಸಾರ್ವಜನಿಕರಿಗೆ ತೋರಿಸುವ ಪರದೆಯಲ್ಲಿ ಪ್ರತಿ ಅಂಕಿಯ ಪಕ್ಕ ಆ ಗಳಿಗೆಯ ಬ್ಯಾಟರಿ ವೋಲ್ಟೇಜ್ ಮತ್ತು ನೆಲೆಗೊಳ್ಳಲು ಹಿಡಿದ ಸೆಕೆಂಡ್ ಇರಲಿ, ನೆಲೆಗೊಳ್ಳದ ಅಂಕಿ ಬೇರೆ ಬಣ್ಣದಲ್ಲಿ ಕಾಣಲಿ. ದಿನದ ಸರಾಸರಿಯ ಬದಲು ದಿನದ ಕನಿಷ್ಠ ಅಂಕಿ ಮತ್ತು ಅದು ಬಂದ ಹೊತ್ತನ್ನು ದೊಡ್ಡದಾಗಿ ಹಾಕಿ. ಆ ಹೊತ್ತು ಬೆಳಗಿನ ಆರರ ಆಸುಪಾಸಿನ ಬದಲು ಮಧ್ಯಾಹ್ನ ಒಂದೂವರೆ ಎಂದು ದಿನವೂ ತೋರಿಸುತ್ತಿದ್ದರೆ, ಕೆರೆಗಿಂತ ಮೊದಲು ಪೆಟ್ಟಿಗೆಯನ್ನು ಬಿಚ್ಚಿ ನೋಡಬೇಕು.

ಇಂತಿ,
ನೀರಿನ ಮಾಪನ ಸಾಧನಗಳ ಅಳವಡಿಕೆ, ನಿರ್ವಹಣೆಯಲ್ಲಿರುವ ತಂತ್ರಜ್ಞರು
ಬೆಂಗಳೂರು